ಕಚ್ಚಿ ನೋಡದ ಉಂಡಿ

ಒಂದೂರಲ್ಲಿ ನಾಲ್ಕು ಜನ ಶ್ರೀಮಂತರಿದ್ದರು. ನಾಲ್ವರ ಹತ್ತಿರವೂ ದುಡ್ಡಿರಲಿಲ್ಲ.

ನಗಬೇಡಿ, ನಗಬೇಡಿ. ದಿನಾಲೂ ‘ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ’ ಅಂತಲೇ ಶುರು ಮಾಡುತ್ತೇನೆ. ನಿನ್ನೆ ಇಲ್ಲೇ ಮಠದಲ್ಲಿ ಪ್ರವಚನ ಮುಗಿದ ಮೇಲೆ ಒಬ್ಬ ತಾಯಿ ಬಂದು, ‘ಅಜ್ಜಾರ, ನಿಮ್ಮ ಕಥಿಯೊಳಗ ಆ ಶ್ರೀಮಂತ ದಿನಾ ಸಾಯ್ತಾನ್ರಿ, ನನಗ ಪಾಪ ಅನಸಾಕ ಹತ್ತೈತಿ’ ಅಂದರು. ಅದಕ್ಕೇ ಇವತ್ತು ಅವನಿಗೆ ರಜೆ ಕೊಟ್ಟಿದ್ದೇನೆ. ಇವತ್ತಿನ ಶ್ರೀಮಂತರು ಬೇರೆ. ಇನ್ನೂ ಆಗಿಲ್ಲ, ಆಗಬೇಕು ಅಂತ ಹೊರಟವರು. ವಯಸ್ಸು ಇಪ್ಪತ್ತು. ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ.

ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವು? ನಮ್ಮ ತಪ್ಪು ನಮಗೇ ಯಾಕೆ ಕಾಣುವುದಿಲ್ಲ ಎಂಬಲ್ಲಿಗೆ. ಪಕ್ಕದ ಮನೆಯವರ ತಪ್ಪು ಗೋಡೆ ಅಡ್ಡ ಇದ್ದರೂ ಕಾಣುತ್ತದೆ, ನಮ್ಮದು ಮೂಗಿನ ಕೆಳಗಿದ್ದರೂ ಕಾಣುವುದಿಲ್ಲ. ಯಾಕೆ? ಅದಕ್ಕೊಂದು ದೃಷ್ಟಾಂತ ಹೇಳುತ್ತೇನೆ, ಕೇಳಿ.

ಆ ಕಾಲೇಜಿನ ಮೇಷ್ಟ್ರು ಹುಡುಗರಿಗೆ ಒಂದು ಕೆಲಸ ಕೊಟ್ಟರು. ನಾಲ್ಕು ನಾಲ್ಕು ಜನ ಗುಂಪು ಕಟ್ಟಿಕೊಳ್ಳಿ, ಒಂದು ತಿಂಗಳೊಳಗೆ ಒಂದು ಸಣ್ಣ ವ್ಯಾಪಾರ ಶುರು ಮಾಡಿ ನಡೆಸಿ ತೋರಿಸಿ, ಪುಸ್ತಕ ಓದಿದ್ದು ಸಾಕು ಅಂದರು. ಎಲ್ಲ ಮುಗಿದ ಮೇಲೆ ಒಬ್ಬೊಬ್ಬರೂ ಎರಡೆರಡು ಪುಟ ಬರೆದುಕೊಡಬೇಕು, ‘ಈ ವ್ಯಾಪಾರದಿಂದ ನಾನು ಏನು ಕಲಿತೆ’ ಎಂದು. ನೋಡಿ, ಉಳಿದದ್ದು ಮರೆತರೂ ಪರವಾಗಿಲ್ಲ, ಈ ಎರಡು ಪುಟವನ್ನು ಮಾತ್ರ ನೆನಪಿಡಿ.

ನಮ್ಮ ನಾಲ್ವರು ಕ್ಯಾಂಟೀನಿನಲ್ಲಿ ಕೂತರು. ಚಹಾ ಬರುವುದರೊಳಗೆ ಹುದ್ದೆಗಳ ಹಂಚಿಕೆ ಮುಗಿಯಿತು. ಮೊದಲನೆಯವನು ಯಜಮಾನ, ಯಾರೂ ಮಾಡಲಿಲ್ಲ, ತಾನೇ ಆದ. ಎರಡನೆಯವನು ಪ್ರಚಾರದವನು. ಕೈಯಲ್ಲಿ ಮೊಬೈಲ್ ಇಲ್ಲದಿದ್ದರೆ ಅವನಿಗೆ ಕೈಯನ್ನು ಎಲ್ಲಿಡಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಮೂರನೆಯವಳು ಡಬ್ಬಿಯವಳು. ಏನು ಮಾರಬೇಕು ಎಂಬುದು ತೀರ್ಮಾನ ಆಗುವ ಮೊದಲೇ ಅದರ ಡಬ್ಬಿ ಯಾವ ಬಣ್ಣದ್ದು, ಅದಕ್ಕೆ ಕಟ್ಟುವ ರಿಬ್ಬನ್ ಯಾವುದು ಎಂದು ಆರಿಸಿಟ್ಟಿದ್ದಳು. ಇನ್ನು ನಾಲ್ಕನೆಯವಳು? ಹುದ್ದೆಯೆಲ್ಲ ಮುಗಿದಿತ್ತು, ಕೆಲಸ ಒಂದು ಉಳಿದಿತ್ತು. ಅದು ಅವಳ ಪಾಲಿಗೆ ಬಂತು.

ಮೊದಲಿನ ಮೂವರ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಅವರ ತಾಯಂದಿರು ನಾಳೆಯಿಂದ ಪ್ರವಚನಕ್ಕೆ ಬರುವುದಿಲ್ಲ. ನಾಲ್ಕನೆಯವಳನ್ನು ದಾನೇಶ್ವರಿ ಅನ್ನೋಣ.

ದಾನೇಶ್ವರಿಯ ಅಜ್ಜಿ ಫಕೀರವ್ವಜ್ಜಿ. ಆ ಓಣಿಯಲ್ಲಿ ಹೊಲ ಇದ್ದವರಿದ್ದರು, ಅಂಗಡಿ ಇದ್ದವರಿದ್ದರು. ಫಕೀರವ್ವಜ್ಜಿಗೆ ಇದ್ದ ಆಸ್ತಿ ಒಂದೇ, ಕೈಗುಣ. ನಾಗರ ಪಂಚಮಿ ಬಂತೆಂದರೆ, ಯಾರ ಮನೆಯಲ್ಲಾದರೂ ಸೀಮಂತ ಇದೆಯೆಂದರೆ, ಉಂಡಿ ಕಟ್ಟಲು ಆಕೆಯೇ ಬರಬೇಕು. ಪಾಕವನ್ನು ಕಣ್ಣಿನಿಂದಲ್ಲ, ಕಿವಿಯಿಂದ ತಿಳಿಯುತ್ತಿದ್ದಳು. ಬೆಲ್ಲ ಕುದಿಯುವ ಸದ್ದು ಬದಲಾದ ಕೂಡಲೇ ‘ಇಳಸ್ರಿ’ ಅನ್ನುವವಳು. ಆ ವರ್ಷ ಪಂಚಮಿ ಕಳೆದು ಹತ್ತು ದಿನಕ್ಕೆ ನಿವೃತ್ತ ಪೋಸ್ಟ್‌ಮಾಸ್ತರರ ಮನೆಯಲ್ಲಿ ಸೊಸೆಯ ಸೀಮಂತವಿತ್ತು. ಉಂಡಿ ಫಕೀರವ್ವಜ್ಜಿಯದೇ ಎಂದು ಮಾತಾಗಿತ್ತು.

‘ಪಂಚಮಿಗೆ ಶೇಂಗಾ ಉಂಡಿ ಮಾಡಿ ಮಾರೂಣು. ನಮ್ಮಜ್ಜಿ ಹೇಳಿಕೊಡ್ತಾಳ’ ಎಂದಳು ದಾನೇಶ್ವರಿ. ಯಜಮಾನನಿಗೆ ಹಿಡಿಸಿತು. ಡಬ್ಬಿಯವಳು ಅಲ್ಲೇ ಹೆಸರಿಟ್ಟಳು: ‘ಫಕೀರವ್ವಜ್ಜಿ ಉಂಡಿ.’ ನಾಲ್ವರೂ ಅಜ್ಜಿಯ ಮನೆಗೆ ಹೋಗಿ ಅಪ್ಪಣೆ ಕೇಳಿದರು.

ಅಜ್ಜಿ ಗಾಬರಿಯಾದಳು. ‘ನನ್ನ ಹೆಸರು ಯಾಕ ಅಚ್ಚು ಹಾಕಸ್ತೀರಿ? ನಾ ಇನ್ನೂ ಸತ್ತಿಲ್ಲಲ್ಲ!’

ಸತ್ತವರ ಹೆಸರು, ಫೋಟೋ ಮಾತ್ರ ಅಚ್ಚಾಗುವುದನ್ನು ನೋಡಿದ ಮುದುಕಿ, ಪಾಪ. ಹುಡುಗರು ಬಿದ್ದು ಬಿದ್ದು ನಕ್ಕರು, ಒಪ್ಪಿಸಿದರು. ಅಜ್ಜಿ ಒಂದೇ ಒಂದು ಮಾತು ಹೇಳಿದಳು: ‘ಮೊದಲ ಉಂಡಿ ದೇವರಿಗೆ. ಎಡಿ ಹಿಡಿಯೂ ತನಕ ಯಾರೂ ಬಾಯಾಗ ಹಾಕಬ್ಯಾಡ್ರಿ.’ ನಾಲ್ವರೂ ಹೂಂ ಅಂದರು.

ಇಷ್ಟರಲ್ಲಿ ಅಜ್ಜಿಯ ಅಣ್ಣ ಬಂದ. ಪಂಚಮಿ ಹೆಣ್ಣುಮಕ್ಕಳ ಹಬ್ಬ ಅಲ್ಲವೇ? ಫಕೀರವ್ವಜ್ಜಿಗೆ ಎಪ್ಪತ್ತು, ಅಣ್ಣನಿಗೆ ಎಪ್ಪತ್ತಾರು. ಕೋಲು ಊರಿಕೊಂಡು, ಎರಡು ಬಸ್ಸು ಬದಲಿಸಿ, ತಂಗಿಯನ್ನು ತವರಿಗೆ ಕರೆದೊಯ್ಯಲು ಬಂದಿದ್ದ. ತಾಯಂದಿರೇ, ಅಂಥ ಅಣ್ಣ ಎಷ್ಟು ಜನಕ್ಕಿದ್ದಾನೆ, ಕೈ ಎತ್ತಿ? ನೋಡಿ, ಗಂಡಸರು ತಲೆ ತಗ್ಗಿಸಿದರು. ಇರಲಿ, ಅದು ಬೇರೆ ಪ್ರವಚನ. ಅಜ್ಜಿ ಹೊಸ ಸೀರೆಯುಟ್ಟು ಹುಡುಗಿಯ ಹಾಗೆ ಹೊರಟುಹೋದಳು. ಹೋಗುವಾಗ ಮೊಮ್ಮಗಳ ಕೈಯಲ್ಲಿ ಮನೆಯ ಕೀಲಿ ಕೊಟ್ಟಳು. ಉಂಡಿ ಕಟ್ಟುವ ದಿನ ಆಕೆ ಊರಲ್ಲಿರಲಿಲ್ಲ.

ಹಿತ್ತಲಲ್ಲಿ ಒಲೆ ಹೂಡಿದರು. ನೂರಾ ಇಪ್ಪತ್ತು ಉಂಡಿ, ಡಬ್ಬಿಗೆ ಹನ್ನೆರಡು, ಹತ್ತು ಡಬ್ಬಿ. ದಾನೇಶ್ವರಿ ಶೇಂಗಾ ಹುರಿದಳು, ಸಿಪ್ಪೆ ತೆಗೆದಳು, ಕೇರಿದಳು, ಬೆಲ್ಲ ಕರಗಿಸಿದಳು. ಉಳಿದ ಮೂವರು? ಮೇಲ್ವಿಚಾರಣೆ. ಬೆಲ್ಲ ಕುದಿಯತೊಡಗಿತು. ದಾನೇಶ್ವರಿ ನೀರಿನ ಬಟ್ಟಲಿನಲ್ಲಿ ಒಂದು ಹನಿ ಬಿಟ್ಟು ಬೆರಳಿನಿಂದ ಮುಟ್ಟಿ ನೋಡಿದಳು. ಮೆತ್ತಗೆ ಗುಂಡಗಾಯಿತು.

‘ಪಾಕ ಬಂತು’ ಎಂದಳು.

ಅದೇ ಹೊತ್ತಿಗೆ ಬೇವಿನ ಗಿಡದ ಸಂದಿನಿಂದ ಬಿಸಿಲು ಕಡಾಯಿಯ ಮೇಲೆ ಬಿತ್ತು. ಪ್ರಚಾರದವನು ಕುಣಿದುಬಿಟ್ಟ. ‘ಏ, ಬೆಳಕು ಏನ್ ಛಲೋ ಬಿದ್ದೈತಿ! ಸೌಟು ಮ್ಯಾಲೆತ್ತಿ ಹಿಡಿ. ಬೆಲ್ಲ ಎಳಿ ಎಳಿಯಾಗಿ ಬೀಳಬೇಕು.’

‘ಪಾಕ ಬಂತಪ್ಪಾ.’

‘ಒಂದ ನಿಮಿಷ ತಡಿ. ನಗು ಸ್ವಲ್ಪ.’

‘ಪಾಕ ಮುಂದ ಹೊಂಟೈತಿ!’

‘ಕೈ ಅಲುಗಾಡಿಸಬ್ಯಾಡ. ಮತ್ತೊಂದು ತಗೀತೀನಿ.’

ಮೂರು ಸಲ ಹೇಳಿದಳು. ಮೂರು ಸಲವೂ ಅವನು ತಡೆಸಿದ. ಮನುಷ್ಯ ತಡೆಯುತ್ತಾನೆ, ಬಸ್ಸು ಕೂಡ ಒಮ್ಮೊಮ್ಮೆ ತಡೆಯುತ್ತದೆ. ಪಾಕ ತಡೆಯುತ್ತದೆಯೇ? ಫೋಟೋ ಬಹಳ ಸುಂದರವಾಗಿ ಬಂತು.

ಆಮೇಲೆ ಗಡಿಬಿಡಿಯೋ ಗಡಿಬಿಡಿ. ಶೇಂಗಾ ಸುರಿದರು, ಕಲಸಿದರು, ಕೈ ಸುಟ್ಟುಕೊಂಡು ಉಂಡಿ ಕಟ್ಟಿದರು. ಆಗ ಮಾತ್ರ ನಾಲ್ವರೂ ಕೈ ಹಾಕಿದರು, ಸುಳ್ಳು ಹೇಳಬಾರದು. ಉಂಡಿಗಳು ದುಂಡಗೆ, ಹೊಳೆಹೊಳೆಯುತ್ತ ತಾಟಿನಲ್ಲಿ ಕೂತವು. ದಾನೇಶ್ವರಿಯ ಕೈಗೆ ಮಾತ್ರ ಏನೋ ಅನುಮಾನ. ಆರಿದ ಒಂದು ಉಂಡಿಯನ್ನು ಬಾಯಿಯ ಹತ್ತಿರ ಒಯ್ದಳು.

‘ಏ ಏ ಏ! ದೇವರಿಗೆ ಇಟ್ಟಿಲ್ಲ!’ ಡಬ್ಬಿಯವಳು ಕಿರುಚಿದಳು. ಮೂವರೂ ಬಾಯಿಮೇಲೆ ಕೈಯಿಟ್ಟುಕೊಂಡರು. ದಾನೇಶ್ವರಿ ನಾಚಿ ಕೆಳಗಿಟ್ಟಳು. ಸರಿಯಾದ್ದೇ, ಅಜ್ಜಿ ಹಾಗೆಂದಿದ್ದಳಲ್ಲ.

ಐದು ಉಂಡಿ ದೇವರ ಮುಂದೆ ಇಟ್ಟರು. ದೀಪ ಹಚ್ಚಿದರು, ಕರ್ಪೂರ ಬೆಳಗಿದರು, ಕಣ್ಣು ಮುಚ್ಚಿ ವ್ಯಾಪಾರ ಚೆನ್ನಾಗಿ ಆಗಲಿ ಎಂದು ಬೇಡಿಕೊಂಡರು. ಎಂಥ ಭಕ್ತಿ! ನಿಮ್ಮ ನಮ್ಮ ಮಕ್ಕಳಿಗೆ ಅಷ್ಟು ಭಕ್ತಿ ಬಂದರೆ ನಾವು ಪೇಟೆಯಲ್ಲೆಲ್ಲ ಹೇಳಿಕೊಂಡು ಬರುತ್ತೇವೆ.

ಕಣ್ಣು ಬಿಟ್ಟ ಮೇಲೆ ದಾನೇಶ್ವರಿ ಮೆಲ್ಲಗೆ ಅಂದಳು: ‘ಅಜ್ಜಿ ಎಡಿ ಹಿಡದ ಮ್ಯಾಲೆ ಮೊದಲ ತಾನ ಒಂದು ಕಚ್ಚಿ ನೋಡ್ತಾಳ.’

ಯಜಮಾನ ಡಬ್ಬಿಗಳ ಕಡೆ ಕೈ ತೋರಿಸಿದ. ‘ಹತ್ತು ಡಬ್ಬಿಗೆ ಬರೋಬ್ಬರಿ ಅದಾವು. ಒಂದು ತಿಂದ್ರ ಒಂದು ಡಬ್ಬಿ ಕೆಡತೈತಿ. ನಾಳೆ ಮತ್ತ ಮಾಡೂಣಲ್ಲ, ಆವಾಗ ತಿಂದರಾತು.’

ಯಜಮಾನನೇ ದೇವರ ತಾಟಿಗೆ ಕೈ ಹಾಕಿದ. ದೇವರ ಮುಂದಿನ ಐದೂ ಡಬ್ಬಿಗೆ ಹೋದವು. ದೇವರು ನೋಡುತ್ತಲೇ ಇದ್ದ, ಇವರು ಮುಚ್ಚಳ ಹಾಕಿ ರಿಬ್ಬನ್ ಕಟ್ಟಿದರು.

ಮರುದಿನ ಬಸ್ ನಿಲ್ದಾಣದ ಹತ್ತಿರ ಒಂದು ಮೇಜು ಹಾಕಿಕೊಂಡು ನಿಂತರು. ‘ಫಕೀರವ್ವಜ್ಜಿ ಉಂಡಿ’ ಅಂತ ಬೋರ್ಡು. ಆ ಹೆಸರು ನೋಡಿದ ಮೇಲೆ ಯಾರಾದರೂ ರುಚಿ ಕೇಳುತ್ತಾರೆಯೇ? ಎರಡು ತಾಸಿನಲ್ಲಿ ಹತ್ತೂ ಡಬ್ಬಿ ಖಾಲಿ. ಒಂದು ಡಬ್ಬಿ ಪೋಸ್ಟ್‌ಮಾಸ್ತರರೇ ಒಯ್ದರು. ನಾಲ್ವರೂ ಕುಣಿದರು. ಯಜಮಾನನಂತೂ ಬೇರೆ ಊರುಗಳಲ್ಲಿ ಎಲ್ಲೆಲ್ಲಿ ಅಂಗಡಿ ತೆರೆಯಬೇಕೆಂದು ಲೆಕ್ಕ ಹಾಕತೊಡಗಿದ. ಶ್ರೀಮಂತ ಆಗಿಯೇಬಿಟ್ಟ ಅನ್ನಿ.

ಪಂಚಮಿಯ ದಿನ ಬಂತು. ಊರು ಉಂಡಿ ಕಚ್ಚಿತು. ಉಂಡಿ ಊರನ್ನು ಕಚ್ಚಿತು.

ಒಂದು ಮನೆಯಲ್ಲಿ ಮಕ್ಕಳು ಉಂಡಿಯಿಂದ ಗೋಲಿ ಆಡಿದರು. ಇನ್ನೊಂದು ಮನೆಯಲ್ಲಿ ಜೋಕಾಲಿಯ ಮೊಳೆ ಸಡಿಲಾಗಿತ್ತು, ಸುತ್ತಿಗೆ ಸಿಗಲಿಲ್ಲ, ಮುಂದೆ ನಾನು ಹೇಳಬೇಕಾಗಿಲ್ಲ. ಪೋಸ್ಟ್‌ಮಾಸ್ತರರು ಎಲ್ಲರಿಗಿಂತ ಮೊದಲು ಒಂದನ್ನು ಬಾಯಿಗಿಟ್ಟು ಕಚ್ಚಿದರು, ಎಳೆದರು. ಉಂಡಿ ಹೊರಗೆ ಬಂತು, ಉಂಡಿಯ ಜೊತೆ ಅವರು ಕಟ್ಟಿಸಿಕೊಂಡಿದ್ದ ಹಲ್ಲಿನ ಸೆಟ್ಟೂ ಹೊರಗೆ ಬಂತು. ನಗಿರಿ, ಈಗ ನಗಬಹುದು. ಅವರ ಮನೆಯವರೂ ನಕ್ಕರು.

ಆದರೆ ನಕ್ಕು ಮುಗಿದ ಮೇಲೆ ಪೋಸ್ಟ್‌ಮಾಸ್ತರರ ಹೆಂಡತಿ ಒಂದು ಮಾತು ಅಂದರು: ‘ಪಾಪ, ಫಕೀರವ್ವಗ ವಯಸ್ಸಾತು. ಕೈ ಹೋತು. ಸೀಮಂತದ ಉಂಡಿ ಪ್ಯಾಟಿಯಿಂದ ತರಸೂಣು.’

ಅವರು ಸಿಟ್ಟಿನಿಂದ ಹೇಳಲಿಲ್ಲ, ಕನಿಕರದಿಂದ ಹೇಳಿದರು. ಸಿಟ್ಟಾದರೆ ಎರಡು ದಿನಕ್ಕೆ ಇಳಿಯುತ್ತದೆ. ಕನಿಕರ ಒಮ್ಮೆ ಅಂಟಿತೆಂದರೆ ಬಿಡುವುದಿಲ್ಲ. ಸಂಜೆಯೊಳಗೆ ಹತ್ತೂ ಮನೆಯಲ್ಲಿ ಅದೇ ಮಾತು, ಕೈ ಹೋತು, ಕೈ ಹೋತು. ಐವತ್ತು ವರ್ಷ ದುಡಿದ ಕೈ ತವರುಮನೆಯಲ್ಲಿ ಹಾಯಾಗಿ ಜೋಕಾಲಿಯ ಹಗ್ಗ ಹಿಡಿದುಕೊಂಡಿತ್ತು. ಇಲ್ಲಿ ಅದರ ಹೆಸರು ಹೋಗುತ್ತಿತ್ತು.

ಎರಡು ದಿನ ಬಿಟ್ಟು ಕಾಲೇಜಿನಲ್ಲಿ ಆ ಎರಡು ಪುಟ ಕೊಡುವ ದಿನ ಬಂತು. ಏನು ಬರೆದರು ಗೊತ್ತೇ? ಯಜಮಾನ ಬರೆದ: ‘ನಾಯಕತ್ವ ಎಂದರೇನು ಎಂದು ಕಲಿತೆ. ನಾಯಕ ಚೆನ್ನಾಗಿದ್ದರೆ ಸಾಲದು, ಕೆಲಸ ಮಾಡುವವರೂ ಚೆನ್ನಾಗಿರಬೇಕು.’ ಪ್ರಚಾರದವನು ಬರೆದ: ‘ಪ್ರಚಾರ ನೂರಕ್ಕೆ ನೂರು ಯಶಸ್ವಿ. ದೋಷವಿದ್ದುದು ತಯಾರಿಕೆಯಲ್ಲಿ.’ ಡಬ್ಬಿಯವಳು ಬರೆದಳು: ‘ಡಬ್ಬಿಯ ಬಗ್ಗೆ ಒಬ್ಬರೂ ದೂರು ಹೇಳಲಿಲ್ಲ.’ ನಿಜವೇ, ಡಬ್ಬಿಯನ್ನು ಯಾರೂ ಕಚ್ಚಿರಲಿಲ್ಲವಲ್ಲ! ದಾನೇಶ್ವರಿ ಏನು ಬರೆದಳು? ಅವಳೂ ಬರೆದಳು: ‘ನಾನು ಮೂರು ಸಲ ಹೇಳಿದೆ. ಯಾರೂ ಕೇಳಲಿಲ್ಲ.’ ಅವಳನ್ನೂ ನಾನು ಬಿಡುವುದಿಲ್ಲ, ನೋಡಿ. ಕಲಿತದ್ದು ಏನು ಎಂದು ಕೇಳಿದರೆ ನಾಲ್ವರೂ ಉಳಿದವರು ಏನು ಕಲಿಯಬೇಕು ಎಂದು ಬರೆದುಕೊಟ್ಟರು.

ಅಂದು ಮಧ್ಯಾಹ್ನ ಕಡಾಯಿ, ತಾಟು ತೊಳೆದಿಡಲು ನಾಲ್ವರೂ ಅಜ್ಜಿಯ ಮನೆಗೆ ಬಂದರು. ತೊಳೆಯುವುದು ಎಲ್ಲಿ ಬಂತು? ಹಿತ್ತಲಲ್ಲಿ ಜಗಳ ಹತ್ತಿತು. ನೀನು ಫೋಟೋ ಹುಚ್ಚ, ನೀನು ದೊಡ್ಡ ಯಜಮಾನ, ನೀನು ಕಿರುಚದಿದ್ದರೆ ಅವಳು ಕಚ್ಚಿ ನೋಡುತ್ತಿದ್ದಳು, ಅವಳಿಗಾದರೂ ಒಲೆ ಆರಿಸಲು ಏನಾಗಿತ್ತು? ಒಬ್ಬರ ಕಡೆ ಒಬ್ಬರು ಬೆರಳು ಚಾಚಿ ನಿಂತಿದ್ದಾರೆ, ಅಷ್ಟರಲ್ಲಿ ಬಾಗಿಲಲ್ಲಿ ಕೈಚೀಲ ಹಿಡಿದ ಫಕೀರವ್ವಜ್ಜಿ.

ಆಕೆಗೆ ಎಲ್ಲ ಗೊತ್ತಾಗಿತ್ತು. ಬಸ್ ಇಳಿದ ಕೂಡಲೇ ಯಾರೋ ‘ಅಜ್ಜಿ, ಇನ್ನ ಮುಂದ ವಿಶ್ರಾಂತಿ ತಗೋರಿ’ ಅಂದಿದ್ದರು. ಪೋಸ್ಟ್‌ಮಾಸ್ತರರ ಮನೆಯ ಮಾತೂ ಕಿವಿಗೆ ಬಿದ್ದಿತ್ತು. ಕಣ್ಣು ಕೆಂಪಗಿದ್ದವು, ದಾರಿಯಲ್ಲಿ ಅತ್ತಿದ್ದಳು. ಆದರೂ ಬಂದವಳೇ ಕಟ್ಟೆಯ ಮೇಲೆ ಕೂತಳು.

‘ಬಿಸಲಾಗ ಯಾಕ ನಿಂತೀರಿ? ಕುಂದರ್ರಿ. ಒಂದ ಉಂಡಿ ತೋರಸ್ರಿ ನನಗ.’

ಊರವರು ವಾಪಸು ಕಳಿಸಿದ ಡಬ್ಬಿಗಳು ಅಲ್ಲೇ ಮೂಲೆಯಲ್ಲಿದ್ದವು. ಯಜಮಾನ ಒಂದು ತಂದುಕೊಟ್ಟ. ಅಜ್ಜಿ ಅದನ್ನು ಕಟ್ಟೆಗೆ ಬಡಿದಳು. ಟಕ್ ಅಂತು.

‘ರುಚಿ ಹೆಂಗ ಆಗೇತಿ?’

ಯಜಮಾನ ಪ್ರಚಾರದವನ ಕಡೆ ನೋಡಿದ, ಅವನು ಡಬ್ಬಿಯವಳ ಕಡೆ ನೋಡಿದ.

‘ಯಾರೂ ತಿಂದಿಲ್ಲ? ಎಡಿ ಹಿಡದ್ರಿಲ್ಲೋ?’

‘ಹಿಡದೀವಿ ಅಜ್ಜಿ. ಐದು ಉಂಡಿ ಇಟ್ಟಿದ್ವಿ’ ಎಂದ ಯಜಮಾನ.

‘ಆ ಐದು ಎಲ್ಲಿ ಹೋದ್ವು?’

ಡಬ್ಬಿಯವಳು ನೆಲ ನೋಡುತ್ತ ಅಂದಳು: ‘ಡಬ್ಬಿಯೊಳಗ.’

‘ದೇವರ ತಾಟಿನಾಗಿಂದ ತಗದು ಮಾರಿದ್ರಿ? ಅಯ್ಯ ನನ್ನ ಶಿವನ!’ ಅಳುತ್ತ ಬಂದಿದ್ದ ಮುದುಕಿಗೆ ನಗು ತಡೆಯಲಾಗಲಿಲ್ಲ.

‘ನೀವ ಹೇಳಿದ್ರಲ್ರೀ ಅಜ್ಜಿ, ಬಾಯಾಗ ಹಾಕಬ್ಯಾಡ್ರಿ ಅಂತ’ ಎಂದಳು ಡಬ್ಬಿಯವಳು.

‘ಎಡಿ ಹಿಡಿಯೂ ತನಕ ಅಂದಿದ್ದೆ. ಹಿಡದ ಮ್ಯಾಲೂ ತಿನಬ್ಯಾಡ್ರಿ ಅಂದಿದ್ನೇನು? ಅರ್ಧ ಶಾಸ್ತ್ರ ಮಾಡಿ ಅರ್ಧ ಬಿಟ್ಟೀರಿ. ಅಂವ ತಿಂದು ಹೇಳ್ತಾನೇನಪ, ಪಾಕ ಹೆಚ್ಚಾತು ಅಂತ? ದೇವರು ತಿನ್ನೂದು ನಮ್ಮ ಬಾಯಿಲೆ. ನೀವು ಅವನ ಬಾಯಿ ಕಟ್ಟಿ ಡಬ್ಬಿ ತುಂಬೀರಿ.’

ಆಹಾ! ನಾನು ಮೂವತ್ತು ವರ್ಷದಿಂದ ಈ ಪೀಠದ ಮೇಲೆ ಕೂತು ಮಾತಾಡುತ್ತಿದ್ದೇನೆ. ಪ್ರಸಾದ ಎಂದರೇನು ಎಂದು ಇಷ್ಟು ಚಂದ ಹೇಳಲು ನನಗೆ ಬಂದಿಲ್ಲ. ದೇವರು ತಿನ್ನುವುದು ನಮ್ಮ ಬಾಯಿಂದ.

ಆಮೇಲೆ ಅಜ್ಜಿ ಏನು ಮಾಡಿದಳು? ಬೈಯಲಿಲ್ಲ, ಹೊಡೆಯಲಿಲ್ಲ. ನಾಲ್ವರನ್ನೂ ಸಾಲಾಗಿ ಕೂರಿಸಿದಳು. ಒಬ್ಬೊಬ್ಬರ ಕೈಗೆ ಒಂದೊಂದು ಉಂಡಿ ಕೊಟ್ಟಳು. ‘ಈಗ ತಿನ್ರಿ. ಪೂರಾ ಮುಗಿಯೂ ತನಕ ಏಳಂಗಿಲ್ಲ’ ಅಂದಳು. ತಾನೂ ಒಂದು ಬಾಯಿಗೆ ಹಾಕಿಕೊಂಡಳು, ಏಳೆಂಟೇ ಹಲ್ಲು ಉಳಿದ ಬಾಯಿಗೆ.

ಈಗ ನೋಡಿ ಮಜಾ. ಕಚ್ಚಲು ಆಗುವುದಿಲ್ಲ, ಉಗುಳುವಂತಿಲ್ಲ. ಒಂದು ದವಡೆಯಿಂದ ಇನ್ನೊಂದು ದವಡೆಗೆ ಹೊರಳಿಸಬೇಕು, ಚೀಪಬೇಕು, ಕಾಯಬೇಕು. ಐದು ಗಲ್ಲಗಳು ಊದಿಕೊಂಡಿವೆ. ಅರ್ಧ ತಾಸು ಆ ಹಿತ್ತಲಲ್ಲಿ ಒಂದು ಮಾತಿಲ್ಲ. ಯಜಮಾನ ಏನೋ ಹೇಳಲು ಬಾಯಿ ತೆರೆದ, ‘ಅಂವ್ ಅಂವ್’ ಅಂತ ಸದ್ದು ಬಂತು, ಮುಚ್ಚಿಕೊಂಡ. ಬೇರೆಯವರ ಹೆಸರು ಹೇಳಬೇಕೆಂದರೆ ನಾಲಿಗೆ ಹೊರಳಬೇಕಲ್ಲ? ತಾನು ಮಾಡಿದ್ದು ಬಾಯಿ ತುಂಬ ಕೂತಿರುವಾಗ ನಾಲಿಗೆ ಎಲ್ಲಿ ಹೊರಳೀತು?

ಮಾತಿಲ್ಲದಾಗ ಮನಸ್ಸು ತಿರುಗಿ ನೋಡುತ್ತದೆ. ಪ್ರಚಾರದವನಿಗೆ ಆ ‘ತಡಿ’ ನೆನಪಾಯಿತು. ಡಬ್ಬಿಯವಳಿಗೆ ತನ್ನ ಕಿರುಚಾಟ, ಯಜಮಾನನಿಗೆ ದೇವರ ತಾಟಿಗೆ ಹಾಕಿದ ಕೈ. ದಾನೇಶ್ವರಿಗೂ ನೆನಪಾಯಿತು. ಪಾಕ ಬಂತು ಎಂದು ಮೂರು ಸಲ ಹೇಳಿದ್ದೇನೋ ನಿಜ, ಆದರೆ ಸೌಟು ಹಿಡಿದು ನಗುತ್ತ ನಿಂತವಳು ತಾನೇ ಅಲ್ಲವೇ? ಉರಿ ಅವಳ ಕಾಲಬುಡದಲ್ಲೇ ಇತ್ತು. ಕಟ್ಟಿಗೆ ಎಳೆಯಲು ಯಾರ ಅಪ್ಪಣೆ ಬೇಕಿತ್ತು? ಅವಳ ಕಣ್ಣಲ್ಲಿ ನೀರು ಬಂತು. ಬಾಯಲ್ಲಿ ಉಂಡಿ, ಕಣ್ಣಲ್ಲಿ ನೀರು. ಅಜ್ಜಿ ಬೆನ್ನ ಮೇಲೆ ಕೈಯಿಟ್ಟಳು.

ಉಂಡಿ ಕರಗಿದ ಮೇಲೆ ಮೊದಲು ಮಾತಾಡಿದವನು ಯಜಮಾನ. ‘ರುಚಿ ಛಲೋ ಐತ್ರಿ ಅಜ್ಜಿ’ ಅಂದ. ಎಲ್ಲರೂ ಗೊಳ್ಳೆಂದು ನಕ್ಕರು.

‘ಕೆಟ್ಟಿಲ್ಲ, ಗಟ್ಟಿ ಆಗ್ಯಾವ ಅಷ್ಟ. ಗಟ್ಟಿ ಆಗಿದ್ದು ಕುಟ್ಟಿದ್ರ ಪುಡಿ ಆಗತೈತಿ. ಒಳಕಲ್ಲು ಅಲ್ಲೈತಿ ನೋಡ್ರಿ’ ಅಂದಳು ಅಜ್ಜಿ.

ಕುಟ್ಟಿದರಪ್ಪಾ! ಯಜಮಾನ ಅಂಗಿ ಕಳಚಿಟ್ಟು ಒನಕೆ ಹಿಡಿದ. ಪ್ರಚಾರದವನ ಮೊಬೈಲ್ ಗೋಡೆಯ ಗೂಡಿನಲ್ಲಿತ್ತು, ಅವನ ಎರಡೂ ಕೈ ಜರಡಿಯಲ್ಲಿದ್ದವು. ಡಬ್ಬಿಯವಳು ಹಿಟ್ಟು ನಾದಿದಳು. ದಾನೇಶ್ವರಿ ಲಟ್ಟಿಸಿದಳು, ಅಜ್ಜಿ ಒಲೆಯ ಮುಂದೆ. ಗಟ್ಟಿ ಉಂಡಿಯ ಪುಡಿ ಹೂರಣವಾಯಿತು, ಘಮಘಮಿಸುವ ಶೇಂಗಾ ಹೋಳಿಗೆಯಾಯಿತು. ದೇವರಿಗೆ ಎಡೆ ಹಿಡಿದರು. ಆಮೇಲೆ ಐವರೂ ಒಂದೊಂದು ತಿಂದರು, ಲೆಕ್ಕ ತಪ್ಪಿದರೆ ತಪ್ಪಲಿ ಅಂತ.

ನಾಲ್ವರೂ ಹೋಳಿಗೆ ಹಿಡಿದು ಹತ್ತೂ ಮನೆಗೆ ಹೋದರು. ಪೋಸ್ಟ್‌ಮಾಸ್ತರರು ಬಾಗಿಲಲ್ಲೇ ಕೈಯಿಂದ ಬಾಯಿ ಮುಚ್ಚಿಕೊಂಡರು. ‘ಮತ್ತ ಬಂದ್ರೇನು? ಹಲ್ಲು ಈಗ ಗಟ್ಟಿ ಕೂಡಿಸ್ಕೊಂಡೀನಿ, ಬ್ಯಾಡ್ರೆಪ್ಪಾ.’

ಯಜಮಾನ ಒಂದು ಹೋಳಿಗೆ ಮುರಿದು ಅವರ ಎದುರಿಗೇ ತಿಂದ. ನುಂಗಿದ ಮೇಲೆ ಹೇಳಿದ: ‘ತಪ್ಪು ಅಜ್ಜಿದಲ್ರೀ. ಆಕಿ ಊರಾಗ ಇರಲೇ ಇಲ್ಲ. ನಾವು ಮಾಡಿದ್ವಿ, ಕಚ್ಚಿ ನೋಡದ ನಿಮಗ ಕೊಟ್ವಿ.’

‘ಮತ್ತ ಡಬ್ಬಿ ಮ್ಯಾಲೆ ಆಕಿ ಹೆಸರಿತ್ತಲ್ಲೋ?’ ಅವರ ಹೆಂಡತಿ ಕೇಳಿದರು.

‘ಹೆಸರು ಆಕಿದ್ರಿ. ಗಡಿಬಿಡಿ ನಮ್ದು.’

ಆ ತಾಯಿ ಹೋಳಿಗೆ ತಿಂದರು. ಇನ್ನೊಂದು ತೆಗೆದುಕೊಂಡರು. ಒಳಗಿದ್ದ ಸೊಸೆ ಮೂರನೆಯದಕ್ಕೆ ಕೈ ಹಾಕಿದಳು. ಬಸುರಿ ಹೆಂಗಸು ತಾನಾಗಿ ಕೈಚಾಚಿದರೆ ಆಮೇಲೆ ಯಾರ ತೀರ್ಪು ಬೇಕು? ‘ಸೀಮಂತಕ್ಕ ಫಕೀರವ್ವನ ಬರಬೇಕು ಅಂತ ಹೇಳ್ರಿ. ಒಲಿ ಮುಂದ ಫೋಟೋ ತಗೀಬ್ಯಾಡ್ರಿ ಅಂತನೂ ಹೇಳ್ರಿ’ ಅಂದರು ಪೋಸ್ಟ್‌ಮಾಸ್ತರರು.

ಮರುದಿನ ನಾಲ್ವರೂ ಕಾಲೇಜಿಗೆ ಹೋಗಿ, ಸರ್, ಆ ಪುಟಗಳನ್ನು ವಾಪಸು ಕೊಡಿ ಅಂದರು. ಹೊಸದಾಗಿ ಬರೆದರು. ಈ ಸಲ ಎರಡು ಪುಟ ತುಂಬಲಿಲ್ಲ. ಬೇರೆಯವರ ತಪ್ಪು ಬರೆಯಲು ಎರಡು ಪುಟ ಸಾಲದು, ನಮ್ಮದಕ್ಕೆ ನಾಲ್ಕು ಸಾಲು ಸಾಕು. ಯಜಮಾನನ ಹಾಳೆಯಲ್ಲಿ ಹೀಗಿತ್ತು: ‘ಕಚ್ಚಿ ನೋಡೋಣ ಎಂದು ಅವಳು ಹೇಳಿದಳು. ಬೇಡ ಎಂದವನು ನಾನು.’ ಎಷ್ಟು ಅಂಕ ಬಂತು ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಸೀಮಂತದ ದಿನ ಆ ಮೇಷ್ಟ್ರೂ ಊಟಕ್ಕೆ ಬಂದಿದ್ದರು, ನಾಲ್ಕು ಉಂಡಿ ತಿಂದರು ಎಂಬುದು ಗೊತ್ತು.

ದೃಷ್ಟಾಂತ ಇಲ್ಲಿಗೆ ಮುಗಿಯಿತು. ‘ಈಗಿನ ಹುಡುಗರೇ ಹೀಗೆ’ ಅಂತ ಅಲ್ಲಿ ಒಬ್ಬರು ತಲೆಯಾಡಿಸುತ್ತಿದ್ದಾರೆ. ಹಿರಿಯರೇ, ನಿಮ್ಮ ಮನೆಗೇ ಬರುತ್ತಿದ್ದೇನೆ, ಸ್ವಲ್ಪ ತಡೆಯಿರಿ.

ಬೆಳಿಗ್ಗೆಯಿಂದ ಸಂಜೆಯವರೆಗೆ ನಾವು ಎಷ್ಟು ಉಂಡಿ ಕಟ್ಟಿ ಹಂಚುತ್ತೇವೆ! ಒಂದನ್ನಾದರೂ ನಾವು ಮೊದಲು ಕಚ್ಚಿ ನೋಡುತ್ತೇವೆಯೇ? ‘ಮೊಬೈಲ್ ಕೆಳಗ ಇಡು’ ಅಂತ ಮಗನಿಗೆ ಹೇಳುತ್ತೀರಿ. ಯಾವುದರಿಂದ ಕಣ್ಣೆತ್ತಿ ಹೇಳುತ್ತೀರಿ? ಮೊಬೈಲಿನಿಂದ! ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಹೆಂಡತಿಗೆ ಆಡುವ ಮಾತಿದೆಯಲ್ಲ, ಅದೇ ದನಿಯಲ್ಲಿ ಅಂಗಡಿಯ ಗಿರಾಕಿ ನಿಮಗೆ ಅಂದರೆ ನುಂಗುತ್ತೀರಾ? ಅತ್ತೆಯಂದಿರೇ, ಸೊಸೆಗೆ ಆಡುವ ಮಾತನ್ನು ನಿಮ್ಮ ಮಗಳಿಗೆ ಅವಳ ಅತ್ತೆ ಆಡಿದರೆ? ಸೊಸೆಯಂದಿರು ನಗುತ್ತಿದ್ದೀರಿ. ನೀವು ಅತ್ತೆಗೆ ಆಡುವುದನ್ನು ನಿಮ್ಮ ತಾಯಿಗೆ ನಿಮ್ಮ ಅತ್ತಿಗೆ ಆಡಿದರೆ? ಈಗ ಯಾರೂ ನಗುತ್ತಿಲ್ಲ.

ನನ್ನನ್ನೂ ಬಿಡಬೇಡಿ. ಸಿಟ್ಟು ಬಿಡಿ, ಸಿಟ್ಟು ಬಿಡಿ ಅಂತ ಮೂವತ್ತು ವರ್ಷದಿಂದ ಈ ಊರಿಗೆ ಹಂಚುತ್ತಿದ್ದೇನೆ. ಇವತ್ತು ಬೆಳಿಗ್ಗೆ ಮೈಕು ಕುಂಯ್ ಅಂದಿದ್ದಕ್ಕೆ ನಮ್ಮ ದ್ಯಾಮಣ್ಣನಿಗೆ ನಾಲ್ಕು ಜನರೆದುರು ಬೈದೆ. ಅವನು ಮುಖ ಸಣ್ಣ ಮಾಡಿಕೊಂಡು ವೈರು ಸುತ್ತುತ್ತ ಹೋದ. ದ್ಯಾಮಣ್ಣಾ, ಎಲ್ಲಿದ್ದೀಯಪ್ಪ? ಹಾಂ, ಕಂಬದ ಹಿಂದೆ. ತಪ್ಪಾಯಿತು ಮಾರಾಯಾ. ಸಿಟ್ಟು ಬಿಡಿ ಅನ್ನುವ ಉಂಡಿಯನ್ನು ನಾನೇ ಕಚ್ಚಿ ನೋಡಿರಲಿಲ್ಲ. ಇವತ್ತು ಕಚ್ಚಿದೆ. ಬಹಳ ಗಟ್ಟಿ ಇದೆ ಕಣಪ್ಪ, ಸುಲಭಕ್ಕೆ ಹಲ್ಲಿಗೆ ಬರುವುದಿಲ್ಲ.

‘ಮಾಡಿದ್ದುಣ್ಣೋ ಮಹಾರಾಯ’ ಅನ್ನುತ್ತೇವಲ್ಲ, ಯಾವಾಗ ಅನ್ನುತ್ತೇವೆ? ಬೇರೆಯವನು ಬಿದ್ದಾಗ. ಅದನ್ನು ನಮಗೆ ನಾವೇ ಹೇಳಿಕೊಂಡದ್ದು ಎಷ್ಟು ಸಲ?

ಶ್ರಾವಣ ಮುಗಿಯಲು ಇನ್ನೂ ಆರು ದಿನ ಇದೆ. ಉಪವಾಸ ಮಾಡಿ ಅಂತ ನಾನು ಹೇಳುವುದಿಲ್ಲ, ತಿನ್ನಿ ಅಂತಲೇ ಹೇಳುತ್ತೇನೆ. ಯಾರಿಗಾದರೂ ಬುದ್ಧಿಮಾತು ಹೇಳಬೇಕು ಅನಿಸಿದರೆ ಅದನ್ನು ಮೊದಲು ಒಂದು ದಿನ ನೀವು ನಡೆಸಿ ನೋಡಿ, ಮರುದಿನ ಹೇಳಿ. ಮನೆಯಲ್ಲಿ ಏನಾದರೂ ಕೆಟ್ಟಿತೆಂದರೆ, ಹಾಲು ಉಕ್ಕಲಿ, ಮಗಳ ಅಂಕ ಕಡಿಮೆ ಬರಲಿ, ‘ಯಾರು ಮಾಡಿದ್ದು’ ಎಂಬ ಪ್ರಶ್ನೆ ಬೇಡ. ‘ಇದರಲ್ಲಿ ನನ್ನ ಕೈ ಎಷ್ಟಿತ್ತು’ ಎಂದು ಎಲ್ಲರಿಗೂ ಕೇಳುವ ಹಾಗೆ ನೀವೇ ಮೊದಲು ಹೇಳಿ. ನೀವು ಹೇಳಿ ನೋಡಿ, ಉಳಿದವರ ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. ಇನ್ನು ಮನೆಯಲ್ಲಿ ಯಾರಾದರೂ ಮೆತ್ತಗೆ ‘ಪಾಕ ಬಂತು’ ಎಂದರೆ, ಸಣ್ಣವರಿರಲಿ, ಸೊಸೆಯಿರಲಿ, ‘ತಡಿ’ ಅನ್ನಬೇಡಿ. ಕೈಯಲ್ಲಿ ಇದ್ದದ್ದು ಬಿಟ್ಟು ಎದ್ದು ಹೋಗಿ ನೋಡಿ.

ಅಡುಗೆಮನೆಯಿಂದ ವಾಸನೆ ಬರುತ್ತಿದೆ, ನಿಮ್ಮ ಮನಸ್ಸು ಆಗಲೇ ಅಲ್ಲಿಗೆ ಹೋಗಿದೆ. ಇವತ್ತು ದಾಸೋಹದಲ್ಲಿ ಹುಗ್ಗಿಯ ಜೊತೆ ಶೇಂಗಾ ಉಂಡಿಯೂ ಉಂಟು. ಬೆಳಿಗ್ಗೆಯೇ ನಾಲ್ಕು ಜನ ಬಂದು ಕಟ್ಟಿಕೊಟ್ಟು ಹೋಗಿದ್ದಾರೆ. ಯಾರು ಅಂತ ಕೇಳಬೇಡಿ. ಹಿಂದೆ ಕಂಬಕ್ಕೆ ಒರಗಿ ಕೂತ ಒಬ್ಬ ಅಜ್ಜಿ ನಗುತ್ತಿದ್ದಾಳೆ, ತಿರುಗಿ ನೋಡಲೂ ಬೇಡಿ. ಎಡೆ ಆಗಿದೆ. ಇಗೋ, ತಾಟಿನಲ್ಲಿ ಮೊದಲ ಉಂಡಿ. ದ್ಯಾಮಣ್ಣಾ, ಮೈಕು ಸ್ವಲ್ಪ ಹತ್ತಿರ ತಾ, ಎಲ್ಲರಿಗೂ ಕೇಳಲಿ. ನಿಮಗೆ ಬಡಿಸುವ ಮೊದಲು ನಾನು ಕಚ್ಚುತ್ತೇನೆ.

ಹೂಂ. ಬಂತು, ಹಲ್ಲಿಗೆ ಬಂತು. ಏಳಿ, ಎಲ್ಲರೂ ಪ್ರಸಾದಕ್ಕೆ ನಡೆಯಿರಿ.